ಹೊಳೆದಂಡೆಯ ಹೂಳು ಸಾಕ್ಷ್ಯವಾದಾಗ: ವಿವಾದಿತ ವರದಿಯನ್ನು ಓದುವ ಮತ್ತು ಪ್ರಶ್ನಿಸುವ ಕ್ರಮ

ಹೇಮಾವತಿ, ಯಗಚಿ, ತುಂಗಾ, ಭದ್ರಾ ನದಿಗಳ ದಂಡೆಯಲ್ಲಿ ಶವವೋ ಆಯುಧವೋ ಪತ್ತೆಯಾದ ಪ್ರಕರಣಗಳಲ್ಲಿ ಮಣ್ಣಿನ ವರದಿಯೊಂದು ನ್ಯಾಯಾಲಯದ ಕಡತ ಸೇರುವುದುಂಟು. ಆಗ ಆರೋಪಿಯ ಕಡೆಯವರು, ಮೃತರ ಕಡೆಯವರು, ಪಂಚರಾಗಿ (ಸ್ಥಳದ ಸಾಕ್ಷಿಗಳಾಗಿ) ಸಹಿ ಹಾಕಿದವರು, ತಾಲ್ಲೂಕು ನ್ಯಾಯಾಲಯಗಳ ಕಿರಿಯ ವಕೀಲರು ಬೇರೆ ಬೇರೆ ಮಾತಿನಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಬೂಟಿಗೆ ಅಥವಾ ಗಾಡಿಯ ಚಕ್ರಕ್ಕೆ ಅಂಟಿದ ಮಣ್ಣೂ ಹೊಳೆದಂಡೆಯ ಮಣ್ಣೂ ಒಂದೇ ಎಂದು ವರದಿ ಹೇಳಿದರೆ ಅದನ್ನು ಒಪ್ಪಲೇಬೇಕೇ? ಗುಂಡಿಯ ಮೇಲಿನ ಹೂಳಿನ ಪದರವನ್ನು ನೋಡಿ ಅದನ್ನು ಯಾವಾಗ ತೋಡಿದ್ದು ಎಂದು ಹೇಳಲು ಸಾಧ್ಯವೇ? ಎರಡಕ್ಕೂ ಉತ್ತರ ಪ್ರಯೋಗಾಲಯದ ಯಂತ್ರಗಳಿಗಿಂತ ಹೆಚ್ಚಾಗಿ, ಆ ಮಣ್ಣನ್ನು ಯಾವ ಜಾಗದಿಂದ, ಎಷ್ಟು ಆಳದಿಂದ, ಯಾವ ದಿನ ಎತ್ತಲಾಯಿತು ಎಂಬುದರಲ್ಲಿದೆ. ಆದ್ದರಿಂದ ವರದಿಯ ಕೊನೆಯ ಸಾಲನ್ನು ಮೊದಲು ಓದುವ ಅಭ್ಯಾಸವನ್ನು ಬಿಟ್ಟು, ಕೆಳಗಿನ ಕ್ರಮದಲ್ಲಿ ಸಾಗಬೇಕೆಂಬುದು ನನ್ನ ಸಲಹೆ.

ಈ ಲೇಖನದಲ್ಲಿ ಹೂಳು ಎಂದರೆ ನೀರು ಹೊತ್ತು ತಂದು ಇಳಿಸಿದ ಮರಳು, ಮೆಕ್ಕಲು ಮತ್ತು ಜೇಡಿ. ಮಹಜರು ಎಂದರೆ ಪಂಚರ ಸಮಕ್ಷಮದಲ್ಲಿ ಪೊಲೀಸರು ಸ್ಥಳದಲ್ಲಿ ಕಂಡದ್ದನ್ನು, ವಶಪಡಿಸಿಕೊಂಡದ್ದನ್ನು ಬರೆದಿಡುವ ದಾಖಲೆ. ಹೋಲಿಕೆ ಮಾದರಿ ಎಂದರೆ ಸಂಶಯಕ್ಕೆ ಗುರಿಯಾದ ಮಣ್ಣಿನ ಜೊತೆ ಇಟ್ಟು ನೋಡಲು ಗೊತ್ತಾದ ಜಾಗದಿಂದ ಎತ್ತಿದ ಮಣ್ಣು.

ಹಂತ 1: ಕಾಗದಗಳನ್ನು ಒಟ್ಟುಮಾಡಿ

ಬೇಕಾದವು ಇಷ್ಟು: ಸ್ಥಳ ಮಹಜರು ಮತ್ತು ಜಪ್ತಿ ಮಹಜರು, ಚಕ್ಕುಬಂದಿ ಕಾಣಿಸಿದ ಕೈನಕ್ಷೆ, ಮುದ್ದೆಮಾಲಿನ (ವಶಪಡಿಸಿಕೊಂಡ ವಸ್ತುಗಳ) ಪಟ್ಟಿ, ತನಿಖಾಧಿಕಾರಿ ಪ್ರಯೋಗಾಲಯಕ್ಕೆ ಬರೆದ ಪತ್ರ, ಪೊಟ್ಟಣ ತಲುಪಿದ್ದಕ್ಕೆ ಪ್ರಯೋಗಾಲಯ ಕೊಟ್ಟ ಸ್ವೀಕೃತಿ, ವರದಿ, ಛಾಯಾಚಿತ್ರಗಳು ಮತ್ತು ವಿಡಿಯೋ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನ ಪ್ರಕಾರ ಪೊಲೀಸ್ ವರದಿಯ ಮೇಲೆ ನಡೆಯುವ ಪ್ರಕರಣದಲ್ಲಿ ಆರೋಪಿಗೂ, ವಕೀಲರ ಮೂಲಕ ಹಾಜರಾದ ಸಂತ್ರಸ್ತರಿಗೂ ಆರೋಪಿ ಹಾಜರಾದ 14 ದಿನಗಳೊಳಗೆ ದಾಖಲೆಗಳ ಪ್ರತಿ ಉಚಿತವಾಗಿ ಸಿಗಬೇಕು. ಈ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಆ ದಿನಕ್ಕೆ ಮೊದಲೇ ಆರಂಭವಾಗಿದ್ದ ತನಿಖೆಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೇ ಅನ್ವಯಿಸುವುದರಿಂದ ಕಲಮುಗಳ ಸಂಖ್ಯೆಯನ್ನು ವಕೀಲರಲ್ಲಿ ಖಚಿತಪಡಿಸಿಕೊಳ್ಳಿ.

ಇವುಗಳಲ್ಲಿ ಹೆಚ್ಚಿನವರು ಕೇಳಿ ಪಡೆಯದೆ ಬಿಡುವುದು ತನಿಖಾಧಿಕಾರಿ ಪ್ರಯೋಗಾಲಯಕ್ಕೆ ಬರೆದ ಪತ್ರವನ್ನು. ಅಲ್ಲಿ ಕೇಳಿದ ಪ್ರಶ್ನೆಗಷ್ಟೇ ತಜ್ಞರು ಉತ್ತರ ಬರೆಯುತ್ತಾರೆ. “ಎರಡೂ ಮಣ್ಣು ಒಂದೇ ಬಗೆಯದೇ?” ಎಂದು ಮಾತ್ರ ಕೇಳಿದ್ದರೆ, ಅದೇ ಬಗೆಯ ಮಣ್ಣು ಇನ್ನೆಲ್ಲಿ ಸಿಗಬಹುದು ಎಂಬ ಮಾತು ವರದಿಯಲ್ಲಿ ಬರುವುದಿಲ್ಲ. ಆ ಮಾತು ಇಲ್ಲದಿರುವುದನ್ನು ತಜ್ಞರ ಮೌನಸಮ್ಮತಿ ಎಂದು ವಾದಿಸುವವರಿದ್ದಾರೆ, ಅದು ತಪ್ಪು.

ಹಂತ 2: ನದಿಯ ಯಾವ ಭಾಗ, ನೀರಿನ ಯಾವ ಮಟ್ಟ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರದ ಹತ್ತಿರ ಮಳೆಗೆ ತಕ್ಕಂತೆ ಏರಿಳಿಯುವ ಹೊಳೆ. ಅದೇ ನದಿ ಗೊರೂರಿನ ಹಿನ್ನೀರಿನಲ್ಲಿ ನಿಂತ ನೀರು, ಅಣೆಕಟ್ಟಿನ ಕೆಳಗೆ ಹೊಳೆನರಸೀಪುರದ ಕಡೆಗೆ ಬಹುಮಟ್ಟಿಗೆ ಗೇಟು ತೆರೆದಷ್ಟು ಹರಿಯುವ ನೀರು. ಮೂರೂ ಕಡೆ ಹೂಳು ಇಳಿಯುವ ರೀತಿ ಬೇರೆ ಬೇರೆಯಾದ್ದರಿಂದ ಸಕಲೇಶಪುರದ ಸ್ಥಳಕ್ಕೆ ಸಲ್ಲುವ ವಾದವನ್ನು ಹಿನ್ನೀರಿನ ಸ್ಥಳಕ್ಕೆ ಎತ್ತಿ ಹಾಕಲಾಗುವುದಿಲ್ಲ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ನೀರಿನಲ್ಲಿ ನಿಂತು ಬೇಸಿಗೆಯಲ್ಲಿ ಒಣನೆಲದಲ್ಲಿ ನಿಲ್ಲುವುದನ್ನು ನೋಡಿದವರಿಗೆ, ಹಿನ್ನೀರಿನ ಅಂಚಿನಲ್ಲಿ “ದಂಡೆ” ಎಂಬುದು ತಿಂಗಳಿಂದ ತಿಂಗಳಿಗೆ ಜಾಗ ಬದಲಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೂಳು ಇಳಿಯುವ ವೇಗದ ಲೆಕ್ಕವನ್ನು ತಿಳಿದಿದ್ದರೆ ಅರ್ಧ ವಿವಾದ ತಿಳಿಯಾಗುತ್ತದೆ. ಅಲುಗಾಡದ ನೀರಿನಲ್ಲಿ 0.1 ಮಿ.ಮೀ. ಗಾತ್ರದ ಸಣ್ಣ ಮರಳಿನ ಕಣ ಒಂದು ಮೀಟರ್ ಕೆಳಗಿಳಿಯಲು ಸುಮಾರು ಎರಡು ನಿಮಿಷ ಸಾಕು, 0.01 ಮಿ.ಮೀ. ಗಾತ್ರದ ಮೆಕ್ಕಲಿನ ಕಣಕ್ಕೆ ಸುಮಾರು ಮೂರು ಗಂಟೆ ಬೇಕು, 0.001 ಮಿ.ಮೀ. ಗಾತ್ರದ ಜೇಡಿಯ ಕಣಕ್ಕೆ ಹೆಚ್ಚುಕಡಿಮೆ ಹದಿಮೂರು ದಿನ ಹಿಡಿಯುತ್ತದೆ. ಪ್ರವಾಹ ಇಳಿಯುವಾಗ ತಳದಲ್ಲಿ ಮರಳು, ಅದರ ಮೇಲೆ ಮೆಕ್ಕಲು, ತುದಿಯಲ್ಲಿ ತೆಳ್ಳಗಿನ ಜೇಡಿ ಕೂರುವುದು ಇದರಿಂದಲೇ. ಹಾಗಾಗಿ ದಪ್ಪ ಜೇಡಿಯ ಪದರ ಕಂಡರೆ ಅಲ್ಲಿ ನೀರು ಬಹಳ ಹೊತ್ತು ನಿಂತಿತ್ತೆಂದು ಊಹಿಸಬಹುದೇ ಹೊರತು ಬಹಳ ವರ್ಷ ಕಳೆದಿವೆ ಎಂದು ಹೇಳಲಾಗದು. ಮರಳಿನ ಪದರವಂತೂ ಒಂದೇ ರಾತ್ರಿಯ ಪ್ರವಾಹದಲ್ಲಿ ಮೊಣಕಾಲುದ್ದ ಕೂರಬಹುದು.

ಆದ್ದರಿಂದ ಘಟನೆ ನಡೆಯಿತೆನ್ನುವ ದಿನದಿಂದ ಮಾದರಿ ಎತ್ತಿದ ದಿನದವರೆಗಿನ ನೀರಿನ ದಾಖಲೆಯನ್ನು ತರಿಸಿಕೊಳ್ಳಿ. ಹೇಮಾವತಿಗೆ ಸಂಬಂಧಿಸಿ ಕೇಂದ್ರ ಜಲ ಆಯೋಗ ಸಕಲೇಶಪುರದಲ್ಲೂ ಎಂ.ಎಚ್. ಹಳ್ಳಿಯಲ್ಲೂ ನೀರಿನ ಮಟ್ಟವನ್ನು ಅಳೆಯುತ್ತದೆ. ಜಲಾಶಯದ ದಿನವಹಿ ಮಟ್ಟ, ಒಳಹರಿವು ಮತ್ತು ಹೊರಹರಿವು ಕಾವೇರಿ ನೀರಾವರಿ ನಿಗಮದಲ್ಲಿರುತ್ತದೆ. ಹೋಬಳಿವಾರು ಮಳೆಯ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಇವು ತನಿಖೆಯ ಕಾಗದಗಳಲ್ಲವಾದ್ದರಿಂದ ಮಾಹಿತಿ ಹಕ್ಕು ಅರ್ಜಿಗೆ, ತನಿಖೆಗೆ ಅಡ್ಡಿಯಾಗುತ್ತದೆ ಎಂಬ ಉತ್ತರ ಬರುವ ಸಂಭವ ಕಡಿಮೆ. ಘಟನೆಗೂ ಮಾದರಿಗೂ ನಡುವೆ ಒಂದು ಪ್ರವಾಹ ಬಂದುಹೋಗಿದ್ದರೆ, ಎತ್ತಿದ ಮೇಲ್ಪದರ ಘಟನೆಯ ದಿನ ಅಲ್ಲಿ ಇದ್ದಿರಲೇ ಇಲ್ಲ ಎಂಬ ಸರಳ ಸಂಗತಿ ಒಮ್ಮೊಮ್ಮೆ ಎರಡೂ ಕಡೆಯ ಗಮನಕ್ಕೆ ಬಂದಿರುವುದಿಲ್ಲ.

ಹಂತ 3: ಮಹಜರನ್ನು ನಕ್ಷೆಯ ಜೊತೆ ಇಟ್ಟು ಓದಿ

“ಹೊಳೆಯ ದಂಡೆಯಿಂದ ಸ್ವಲ್ಪ ಮಣ್ಣನ್ನು ತೆಗೆದು ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಹಾಕಲಾಯಿತು” ಎಂದಷ್ಟೇ ಬರೆದಿದ್ದರೆ ಆ ಮಾದರಿಯಿಂದ ಹೆಚ್ಚೇನನ್ನೂ ನಿರೀಕ್ಷಿಸಬೇಡಿ. ನೀರಿನ ಅಂಚಿನಿಂದ ಎಷ್ಟು ದೂರ, ಮೇಲ್ಮೈಯಿಂದಲೋ ಆಳದಿಂದಲೋ, ಎಷ್ಟು ಕಡೆಯಿಂದ, ಯಾರು, ಯಾವ ಸಲಕರಣೆಯಿಂದ ತೆಗೆದರು ಎಂಬುದು ಇರಬೇಕು. ಒಳ್ಳೆಯ ಕ್ರಮದಲ್ಲಿ ಹೆಜ್ಜೆ ಬಿದ್ದ ಜಾಗದ ಮೇಲಿನ ಒಂದು ಸೆಂಟಿಮೀಟರ್ ಮಣ್ಣನ್ನು ಬೇರೆಯಾಗಿ, ಬಂದ ದಾರಿ, ಹೋದ ದಾರಿಗಳಿಂದ ಬೇರೆಯಾಗಿ, ಹಾಗೆಯೇ ಆರೋಪಿ ತಾನು ಹೋಗಿದ್ದೆನೆಂದು ಹೇಳುವ ಇನ್ನಿತರ ಜಾಗಗಳಿಂದಲೂ ಮಾದರಿ ಎತ್ತುತ್ತಾರೆ. ಈ ಕೊನೆಯದನ್ನು ಬಿಟ್ಟರೆ ಹೋಲಿಕೆ ಒಕ್ಕಣ್ಣಿನದಾಗುತ್ತದೆ: ಬೂಟಿನ ಮಣ್ಣು ಅಪರಾಧದ ಸ್ಥಳಕ್ಕೆ ಹೊಂದುತ್ತದೋ ಎಂದು ನೋಡಲಾಗಿದೆ, ಆರೋಪಿಯ ತೋಟಕ್ಕೂ ಅಷ್ಟೇ ಹೊಂದುತ್ತದೋ ಎಂದು ನೋಡಿಲ್ಲ.

ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಇಲ್ಲಿ ಕೆರೆಯ ಗೋಡನ್ನೂ ಹೊಳೆಯ ಮೆಕ್ಕಲನ್ನೂ ಅಡಿಕೆ ತೋಟಕ್ಕೆ, ಗದ್ದೆಗೆ ಹೊತ್ತು ಹಾಕುವ ರೂಢಿಯಿದೆ. ಮನೆ ಕಟ್ಟಲು ಹೊಳೆಮರಳು ಊರೊಳಗೆ ಬಂದು ಬೀಳುತ್ತದೆ. ರಸ್ತೆ ಕೆಲಸಕ್ಕೆ ದೂರದ ಗ್ರಾವೆಲ್ ಮಣ್ಣು ಬರುತ್ತದೆ. ಹೊಳೆಗೆ ಇಳಿಯದವನ ಬೂಟಿನಲ್ಲೂ ಹೊಳೆಯ ಕಣ ಇರಬಹುದು, ಹೊಳೆದಂಡೆಯ ಮೇಲೂ ಹೊಳೆಯದಲ್ಲದ ಮಣ್ಣು ಇರಬಹುದು. ಮರಳು ತೆಗೆಯಲು ಜೆಸಿಬಿ ಇಳಿದ ಜಾಗವಾಗಿದ್ದರೆ ಪದರಗಳ ಮಾತೇ ಬೇಡ. ಅಂಥ ಕೆಲಸ ಯಾವ ತಿಂಗಳು ನಡೆಯಿತೆಂದು ಗ್ರಾಮಸ್ಥರಿಂದ ಹೇಳಿಕೆ ಪಡೆಯುವುದು ಲೇಸು.

ಪಂಚರಾಗಿ ಕರೆಸಿಕೊಂಡವರಿಗೆ ಒಂದು ಮಾತು. ನೀವು ಕಂಡದ್ದಕ್ಕೆ ಮಾತ್ರ ಸಹಿ ಹಾಕಿ. ಮಣ್ಣು ತೆಗೆದದ್ದನ್ನು ಕಾಣದೆ ಠಾಣೆಯಲ್ಲಿ ಪೊಟ್ಟಣದ ಮೇಲೆ ಸಹಿ ಹಾಕಿದರೆ, ಪಾಟಿ ಸವಾಲಿನಲ್ಲಿ ಅದು ಹೊರಬರುತ್ತದೆ, ಆಗ ನಿಜವಾದ ಸಾಕ್ಷ್ಯವೂ ಜೊತೆಗೆ ಬಿದ್ದುಹೋಗುತ್ತದೆ.

ವಿಡಿಯೋ ಇದ್ದರೆ ಮಹಜರಿನ ಪ್ರತಿ ವಾಕ್ಯವನ್ನೂ ಅದರ ಜೊತೆ ತಾಳೆ ನೋಡಿ. ಹೊಸ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ದೃಶ್ಯ-ಧ್ವನಿ ರೂಪದಲ್ಲಿ ದಾಖಲಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆನ್ನುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು 176ನೇ ಕಲಮಿನ ಮೂರನೇ ಉಪಕಲಮು ಹೇಳುತ್ತದೆ. ಇದನ್ನು ಜಾರಿಗೆ ತರುವ ದಿನವನ್ನು ಐದು ವರ್ಷಗಳೊಳಗೆ ಅಧಿಸೂಚಿಸುವ ಹೊಣೆ ರಾಜ್ಯ ಸರ್ಕಾರದ್ದು. ವಿಡಿಯೋವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಇರಬೇಕು.

ಹಂತ 4: ಪೊಟ್ಟಣದ ಪಯಣ

ಇದು ಸುಲಭದ ಹಂತ, ಆದರೆ ತಾಳ್ಮೆ ಬೇಕು. ಎತ್ತಿದ ದಿನ, ಠಾಣೆಯ ದಾಸ್ತಾನಿಗೆ ಸೇರಿದ ದಿನ, ಹೊರಟ ದಿನ, ತಲುಪಿದ ದಿನ, ಹೊತ್ತವರು, ಮುದ್ರೆಯ ಗುರುತು, ಇವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಪ್ರಯೋಗಾಲಯಕ್ಕೆ ಮಾದರಿ ಮುದ್ರೆಯನ್ನೂ ಕಳಿಸಿದ್ದರೇ, ತಲುಪಿದಾಗ ಮುದ್ರೆ ಅಖಂಡವಾಗಿತ್ತೆಂದು ಬರೆದಿದೆಯೇ ನೋಡಿ. ಒದ್ದೆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ವಾರಗಟ್ಟಲೆ ಇಟ್ಟಿದ್ದರೆ ಬೂಷ್ಟು ಬಂದು ಬಣ್ಣ ಬದಲಾಗಿರುತ್ತದೆ. ಅದನ್ನು ಕೋಣೆಯ ಉಷ್ಣಾಂಶದಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕಿತ್ತು. ಆರೋಪಿಯ ಬೂಟನ್ನೂ ಹೊಳೆಯ ಮಣ್ಣನ್ನೂ ಒಂದೇ ಚೀಲದಲ್ಲಿ ಒಯ್ದಿದ್ದರೆ ಉಳಿದ ಹಂತಗಳ ಅಗತ್ಯವೇ ಬೀಳುವುದಿಲ್ಲ.

ಹಂತ 5: ವರದಿಯ ಒಳಗನ್ನು ಓದಿ

ಮೊದಲು ಬಣ್ಣ. ಮಣ್ಣಿನ ಬಣ್ಣವನ್ನು ಮನ್ಸೆಲ್ ಎಂಬ ಬಣ್ಣದ ಪಟ್ಟಿಗೆ ಹಿಡಿದು ಸಂಖ್ಯೆಯಲ್ಲಿ ಬರೆಯುತ್ತಾರೆ. ಒದ್ದೆಯಾಗಿದ್ದಾಗ ನೋಡಿದ್ದೋ ಒಣಗಿದಾಗ ನೋಡಿದ್ದೋ ಎಂದು ಬರೆದಿರಬೇಕು, ಎರಡೂ ಮಾದರಿಗೆ ಅದೇ ಸ್ಥಿತಿ ಇರಬೇಕು. “ಕೆಂಪು ಮಿಶ್ರಿತ ಕಂದು” ಎಂಬ ವರ್ಣನೆ ಮಲೆನಾಡಿನಲ್ಲಿ ಯಾರನ್ನೂ ಎಲ್ಲಿಗೂ ಕಟ್ಟಿಹಾಕುವುದಿಲ್ಲ.

ಎರಡನೆಯದು ಕಣಗಾತ್ರ, ಅಂದರೆ ಜರಡಿ ಹಿಡಿದು ಮರಳು, ಮೆಕ್ಕಲು, ಜೇಡಿ ಶೇಕಡಾ ಎಷ್ಟೆಂದು ಅಳೆಯುವುದು. ಇಲ್ಲಿ ಎರಡು ಗುಂಡಿಗಳಿವೆ. ಭೂವಿಜ್ಞಾನಿಗಳು ಬಳಸುವ ವೆಂಟ್‌ವರ್ತ್ ಮಾಪಕದಲ್ಲಿ ಮರಳೆಂದರೆ 0.0625ರಿಂದ 2 ಮಿ.ಮೀ.; ಕಟ್ಟಡ ಮತ್ತು ರಸ್ತೆಯ ಎಂಜಿನಿಯರುಗಳು ಅನುಸರಿಸುವ ಭಾರತೀಯ ಮಾನಕದಲ್ಲಿ 0.075ರಿಂದ 4.75 ಮಿ.ಮೀ. ಮೂರು ಮಿ.ಮೀ. ಕಣ ಒಬ್ಬರಿಗೆ ಮರಳು, ಇನ್ನೊಬ್ಬರಿಗೆ ಜಲ್ಲಿಯ ಜಾತಿ. ಎರಡು ವರದಿಗಳ ಶೇಕಡಾವಾರು ಹೊಂದುತ್ತಿಲ್ಲವೆಂದು ಕೂಗುವ ಮೊದಲು ಎರಡರಲ್ಲೂ ಒಂದೇ ಮಾಪಕ ಇದೆಯೇ ನೋಡಿ. ಎರಡನೆಯ ಗುಂಡಿ ಇನ್ನೂ ಆಳ: ಬೂಟಿಗೆ, ಬಟ್ಟೆಗೆ ಸಣ್ಣ ಕಣ ಅಂಟಿ ನಿಲ್ಲುತ್ತದೆ, ದಪ್ಪ ಕಣ ನಾಲ್ಕು ಹೆಜ್ಜೆಯಲ್ಲಿ ಉದುರುತ್ತದೆ. ಹಾಗಾಗಿ ಬೂಟಿನ ಮಣ್ಣನ್ನು ದಂಡೆಯ ಇಡೀ ಮಣ್ಣಿನ ಜೊತೆ ಹೋಲಿಸಿದರೆ ನಿಜವಾಗಿ ಅಲ್ಲಿಗೇ ಹೋದವನ ಬೂಟೂ ಹೊಂದುವುದಿಲ್ಲ. ಎರಡನ್ನೂ ಒಂದೇ ಜರಡಿಯಲ್ಲಿ ಇಳಿಸಿ, ಇಳಿದ ಸಣ್ಣ ಭಾಗಗಳನ್ನು ಮಾತ್ರ ಹೋಲಿಸಬೇಕು. ಈ ಅಂಶ ಕೆಲವೊಮ್ಮೆ ಪ್ರಾಸಿಕ್ಯೂಷನ್ನಿಗೂ, ಕೆಲವೊಮ್ಮೆ ಆರೋಪಿಗೂ ನೆರವಾಗುತ್ತದೆ.

ಮೂರನೆಯದು ಖನಿಜಗಳು. ಸ್ಫಟಿಕ, ಫೆಲ್ಡ್‌ಸ್ಪಾರ್ ಮತ್ತು ಕಾಗೆಬಂಗಾರ ಎರಡರಲ್ಲೂ ಇದ್ದುವೆಂಬುದನ್ನು ಹೊಂದಾಣಿಕೆ ಎಂದು ತೋರಿಸುವುದು ಹಾಸನದ ಸಂತೆಯಲ್ಲಿ ಬಿಳಿ ಪಂಚೆ ಉಟ್ಟವನೇ ಕಳ್ಳ ಎಂದಂತೆ. ನೈಸ್ ಶಿಲೆಯ ಈ ಪ್ರದೇಶದಲ್ಲಿ ಅವು ಎಲ್ಲೆಲ್ಲೂ ಇವೆ. ಬೆಲೆ ಇರುವುದು ಅಪರೂಪದ, ಭಾರವಾದ ಖನಿಜಗಳಿಗೆ. ಹೊಳೆನರಸೀಪುರದ ಸುತ್ತಿನ ಶಿಸ್ಟ್ ಶಿಲಾಪಟ್ಟಿಯಿಂದ ಕಯನೈಟ್, ಗಾರ್ನೆಟ್, ಸ್ಟಾರೊಲೈಟ್ ಕಣಗಳು ಬರುತ್ತವೆ; ಕುದುರೆಮುಖದ ಅದಿರಿನ ಬೆಟ್ಟಗಳಿಂದ ಮ್ಯಾಗ್ನೆಟೈಟ್ ಭದ್ರೆಗೆ ಇಳಿಯುತ್ತದೆ. ಆದರೆ ಮ್ಯಾಗ್ನೆಟೈಟ್ ಸಿಕ್ಕಿತೆಂದರೆ ಕಳಸದಿಂದ ಬಾಳೆಹೊನ್ನೂರಿನವರೆಗಿನ ದಂಡೆಯ ಯಾವ ಜಾಗವೂ ಆಗಬಹುದು, ಅದು ಒಂದು ಕಡವನ್ನೇ ತೋರಿಸಿಕೊಡುವ ಸಾಕ್ಷಿಯಲ್ಲ. ಯಾವ ಖನಿಜ ಇದೆ ಎಂಬುದಕ್ಕಿಂತ, ಯಾವುದು ಯಾವುದರ ಜೊತೆ ಯಾವ ಪ್ರಮಾಣದಲ್ಲಿದೆ ಎಂದು ಕೇಳಿ.

ಡಯಾಟಮ್ ಎಂಬ, ಗಾಜಿನಂಥ ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿಯನ್ನೂ, ಹೂವಿನ ಪರಾಗವನ್ನೂ ವರದಿಯಲ್ಲಿ ಸೇರಿಸಿದ್ದರೆ ಅದು ಒಳ್ಳೆಯ ಲಕ್ಷಣ. ಡಯಾಟಮ್ ಜಾತಿಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೋಲಿಕೆಯ ನೀರು ಮತ್ತು ಹೂಳನ್ನು ಅದೇ ದಿನಗಳಲ್ಲಿ ಎತ್ತಿದ್ದರೇ ಎಂಬ ಪ್ರಶ್ನೆ ಇಲ್ಲೂ ಬರುತ್ತದೆ.

ಬೂಟಿನ ಮಣ್ಣನ್ನು ಪೂರ್ತಿ ಕೆರೆದು ಒಂದು ಮಾಡಿದ್ದರೆ ಒಂದು ಮುಖ್ಯ ಸಾಕ್ಷ್ಯ ನಾಶವಾದಂತೆ. ಜರ್ಮನಿಯಲ್ಲಿ 1908ರ ಕೊಲೆ ಪ್ರಕರಣವೊಂದರಲ್ಲಿ ಗೇಯೋರ್ಗ್ ಪೋಪ್ ಎಂಬ ರಸಾಯನಶಾಸ್ತ್ರಜ್ಞ ಆರೋಪಿಯ ಬೂಟಿನ ಮಣ್ಣನ್ನು ಪದರಪದರವಾಗಿ ಬಿಡಿಸಿ, ಅವನು ಯಾವ ಜಾಗದ ನಂತರ ಯಾವ ಜಾಗಕ್ಕೆ ಹೋದನೆಂಬ ಕ್ರಮವನ್ನೇ ತೋರಿಸಿದ್ದ. ಪದರ ಉಳಿದಿದ್ದರೆ ಮಾತ್ರ ಅದು ಸಾಧ್ಯ.

ಹಂತ 6: ಕೊನೆಯ ಸಾಲಿನ ಮಾತನ್ನು ತೂಗಿ

ಮಣ್ಣಿನ ಹೋಲಿಕೆ ಬೆರಳಚ್ಚಿನ ಹೋಲಿಕೆಯಲ್ಲ. ಎರಡು ಮಾದರಿ ಬೇರೆ ಬೇರೆ ಮೂಲದವು ಎಂದು ಗಟ್ಟಿಯಾಗಿ ಹೇಳಬಹುದು. ಒಂದೇ ಜಾಗದವು ಎಂದು ಅಷ್ಟೇ ಗಟ್ಟಿಯಾಗಿ ಹೇಳುವುದು ತೀರ ಅಪರೂಪ. “ಒಂದೇ ಮೂಲದಿಂದ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು” ಎಂದರೆ ಅಷ್ಟೇ ಅರ್ಥ, ಅದು ಆರೋಪಿ ಅಲ್ಲಿಗೆ ಹೋಗಿದ್ದನೆಂದಲ್ಲ. “ಒಂದೇ ಆಗಿವೆ” ಎಂದು ಬರೆದಿದ್ದರೆ, ಸುತ್ತಲಿನ ಎಷ್ಟು ಜಾಗಗಳ ಮಣ್ಣನ್ನು ನೋಡಿ, ಅವೆಲ್ಲ ಬೇರೆ ಎಂದು ಕಂಡ ಮೇಲೆ ಈ ಮಾತು ಹೇಳಿದರು ಎಂದು ಕೇಳಿ. ಸುತ್ತಲ ಜಾಗಗಳನ್ನು ನೋಡಿಯೇ ಇಲ್ಲವೆಂಬ ಉತ್ತರ ಬಂದರೆ ಆ ಸಾಲಿನ ತೂಕ ಅಲ್ಲಿಗೇ ಇಳಿಯುತ್ತದೆ.

ಹಂತ 7: ಪದರದ ವಯಸ್ಸಿನ ವಾದ

ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ತೋಡಿ ಮುಚ್ಚಿದ ಗುಂಡಿಯನ್ನು ಗುರುತಿಸುವುದು ಒಂದು ಕೆಲಸ, ಅದರ ಕಾಲವನ್ನು ಹೇಳುವುದು ಇನ್ನೊಂದು. ಮೊದಲನೆಯದು ಸಾಧ್ಯ: ಪ್ರವಾಹದ ಪದರಗಳು ಒಂದು ಗೆರೆಯಲ್ಲಿ ತುಂಡಾಗಿ, ಒಳಗೆ ಮೇಲಿನ, ಕೆಳಗಿನ ಮಣ್ಣು ಕಲಸಿಕೊಂಡಿದ್ದು, ಗಟ್ಟಿತನ ಕಡಿಮೆಯಿದ್ದರೆ ತೋಡಿದ್ದೆಂದು ಹೇಳಬಹುದು. ಆದರೆ ಏಡಿಯ ಬಿಲ, ಬಿದಿರಿನ ಬೇರು, ದನಗಳ ತುಳಿತ, ಮಳೆಗಾಲದಲ್ಲಿ ಕುಸಿದ ದಂಡೆ ಇವೂ ಪದರವನ್ನು ಕಲಸುತ್ತವೆ. ಗುಂಡಿಯ ಅಡ್ಡಸೀಳಿಕೆಯ ಛಾಯಾಚಿತ್ರ ಅಳತೆಪಟ್ಟಿಯ ಜೊತೆ ಇಲ್ಲದಿದ್ದರೆ ಯಾವ ತಜ್ಞರೂ ನಂತರ ಇದನ್ನು ಬಗೆಹರಿಸಲಾರರು. ನೆಲವನ್ನು ಅಗೆಯದೆ ಒಳಗಿನ ವ್ಯತ್ಯಾಸ ತೋರಿಸುವ ನೆಲಭೇದಿ ರೇಡಾರಿನ ಅಲೆ ಒದ್ದೆ ಜೇಡಿಯಲ್ಲಿ ಬೇಗ ಕುಂದುತ್ತದೆ. ಹೊಳೆಯ ಬದಿಯಲ್ಲಿ “ಏನೂ ಕಾಣಲಿಲ್ಲ” ಎಂದರೆ ಏನೂ ಇರಲಿಲ್ಲ ಎಂದಾಗುವುದಿಲ್ಲ.

ಇನ್ನು ಕಾಲ. ವರ್ಷಕ್ಕೊಂದು ಪದರ ಎಂಬ ಎಣಿಕೆಯನ್ನು ನಂಬಬೇಡಿ. ಒಂದು ಮಳೆಗಾಲ ಮೂರು ಪದರ ಇಡಬಹುದು, ಮುಂದಿನದು ಅವನ್ನೆಲ್ಲ ಕೊಚ್ಚಿಕೊಂಡು ಹೋಗಬಹುದು. ಸೀಸ-210 ಮತ್ತು ಸೀಸಿಯಂ-137 ಎಂಬ ವಿಕಿರಣಶೀಲ ಧಾತುಗಳ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಕ್ರಮವಾಗಿ ಸುಮಾರು 22 ಮತ್ತು 30 ವರ್ಷ. ಅವುಗಳಿಂದ ಕಾಲ ಅಳೆಯುವ ವಿಧಾನ ಕೆರೆ, ಜಲಾಶಯಗಳ ಕದಡದ ತಳಕ್ಕೆ ಹೊಂದುತ್ತದೆ, ಪ್ರತಿ ಮಳೆಗಾಲ ಕದಡುವ ದಂಡೆಗೆ ಹೊಂದುವುದಿಲ್ಲ. ಸೀಸಿಯಂ ಅತಿ ಹೆಚ್ಚು ಬಿದ್ದದ್ದು ಅಣುಬಾಂಬ್ ಪರೀಕ್ಷೆಗಳ ಕಾಲದ 1963ರ ಆಸುಪಾಸಿನಲ್ಲಿ. ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಿನ ತಳದ ಹೂಳಿನಲ್ಲಿ 1963ರ ಗುರುತು ಕಂಡಿತೆಂದು ಯಾರಾದರೂ ವಾದಿಸಿದರೆ, ಮೇಲಿನ ಗುಡ್ಡಗಳಿಂದ ಸವೆದು ಬಂದ ಹಳೆಯ ಮಣ್ಣನ್ನು ಅವರು ಹೊಸ ಪದರದ ವಯಸ್ಸೆಂದು ಎಣಿಸಿದ್ದಾರೆಯೇ ಎಂದು ವಿಚಾರಿಸಿ.

ಇವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಪದರದೊಳಗಿನ ಕಸದ ಮೇಲೆ. ತಯಾರಿಕೆಯ ತಿಂಗಳು ಅಚ್ಚಾದ ಬಿಸ್ಕತ್ತಿನ ಹೊದಿಕೆಯೋ ಗುಟ್ಕಾ ಪೊಟ್ಟಣವೋ ಕದಡದ ಪದರದೊಳಗೆ ಸಿಕ್ಕಿದರೆ, ಆ ಪದರವೂ ಅದರ ಮೇಲಿನವೂ ಆ ತಿಂಗಳಿಗಿಂತ ಹಳೆಯವಲ್ಲ. ಎಷ್ಟು ಹೊಸದೆಂದು ಅದು ಹೇಳುವುದಿಲ್ಲ, ಏಡಿಯ ಬಿಲದಲ್ಲಿ ಕೆಳಗಿಳಿದಿರಲೂಬಹುದು. ಆದರೂ ಅಗೆಯುವಾಗ ಅದನ್ನು ಕಸವೆಂದು ಎಸೆಯದೆ, ಸಿಕ್ಕ ಆಳವನ್ನು ಬರೆದು ವಶಪಡಿಸಿಕೊಳ್ಳುವಂತೆ ಸ್ಥಳದಲ್ಲಿರುವವರು ಕೋರಬಹುದು.

ಹಂತ 8: ನ್ಯಾಯಾಲಯದಲ್ಲಿ ಏನು ಕೇಳಬೇಕು

ಸರ್ಕಾರಿ ತಜ್ಞರ ವರದಿಯನ್ನು ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮಿನಡಿ ತಜ್ಞರನ್ನು ಕರೆಸದೆಯೇ ಸಾಕ್ಷ್ಯವಾಗಿ ಬಳಸಬಹುದು. ಆದರೆ ನ್ಯಾಯಾಲಯ ಅವರನ್ನು ಕರೆಸಿ ವಿಚಾರಿಸಬಹುದೆಂದೂ ಅದೇ ಕಲಮು ಹೇಳುತ್ತದೆ. ಕರೆಸಬೇಕೆಂದು ಅರ್ಜಿ ಹಾಕುವಾಗ “ವರದಿಯನ್ನು ಒಪ್ಪುವುದಿಲ್ಲ” ಎಂಬ ಒಂದು ಸಾಲು ಸಾಲದು, ಮೇಲಿನ ಹಂತಗಳಲ್ಲಿ ಕಂಡ ಕೊರತೆಯನ್ನು ಹೆಸರಿಸಿ ಬರೆಯಬೇಕು. ತಜ್ಞರು ತಮ್ಮ ತೀರ್ಮಾನವನ್ನು ನ್ಯಾಯಾಲಯ ಸ್ವತಃ ಪರಿಶೀಲಿಸಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹಿಮಾಚಲ ಪ್ರದೇಶ ಸರ್ಕಾರ ಮತ್ತು ಜೈಲಾಲ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಅದು ಸೇಬಿನ ತೋಟಗಳಿಗೆ ಸಂಬಂಧಿಸಿದ ಪ್ರಕರಣ. ತತ್ವ ಮಣ್ಣಿಗೂ ಸಲ್ಲುತ್ತದೆ.

ಎಚ್ಚರಿಕೆ: ಮನೆಯವರೇ ಸ್ಥಳಕ್ಕೆ ಹೋಗಿ ಅಗೆದು “ನಮ್ಮ ಮಾದರಿ” ತರುವ ಕೆಲಸಕ್ಕೆ ಇಳಿಯಬೇಡಿ. ತಿಂಗಳ ನಂತರ ಎತ್ತಿದ ಮಣ್ಣಿಗೆ ಬೆಲೆ ಇರುವುದಿಲ್ಲ, ಮೇಲಾಗಿ ಸಾಕ್ಷ್ಯವನ್ನು ಹಾಳುಮಾಡಿದ ಆರೋಪ ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಮಿನಡಿ ನಿಮ್ಮ ಮೇಲೆ ಬರಬಹುದು. ಸ್ಥಳವನ್ನು ಮತ್ತೆ ಪರಿಶೀಲಿಸಬೇಕಾದರೆ ಹೆಚ್ಚಿನ ತನಿಖೆಯನ್ನು ಕೋರಿ ಅರ್ಜಿ ಸಲ್ಲಿಸುವುದೇ ದಾರಿ.

ಅದಕ್ಕಿಂತ ಮೊದಲು, ಪ್ರಯೋಗಾಲಯದಲ್ಲಿ ಪರೀಕ್ಷೆಯ ನಂತರ ಉಳಿದ ಮಣ್ಣು ಎಷ್ಟಿದೆ, ಎಲ್ಲಿದೆ ಎಂದು ಲಿಖಿತವಾಗಿ ಕೇಳಿ, ವಿಚಾರಣೆ ಮುಗಿಯುವವರೆಗೆ ಅದನ್ನು ಕಾದಿರಿಸಲು ಆದೇಶ ಪಡೆಯಿರಿ. ಈ ಅರ್ಜಿಯನ್ನು ವರದಿ ಕೈಗೆ ಬಂದ ವಾರದಲ್ಲೇ ಹಾಕಬೇಕು. ಮಾದರಿ ಖಾಲಿಯಾದ ಮೇಲೆ ಮರುಪರೀಕ್ಷೆಗೆ ಸಿಕ್ಕ ಆದೇಶ ಕಾಗದದಲ್ಲಷ್ಟೇ ಉಳಿಯುತ್ತದೆ.